ಬಳೆಯ ಭಾರ ಕಳೆದು ಬರೆದ ತೂಕ

ಹೆರಿಗೆ ಆಸ್ಪತ್ರೆಯಲ್ಲಿ ಗಂಡಸಿಗೆ ಏನು ಕೆಲಸ ಎಂದು ನಮ್ಮ ಬೀದಿಯವರು ಮೊದಮೊದಲು ನಗುತ್ತಿದ್ದರು. ತೂಗುವ ಕೆಲಸ ಎನ್ನುತ್ತಿದ್ದೆ. ಬಸುರಿಯರನ್ನು ತೂಗುವುದು, ಹುಟ್ಟಿದ ಮಕ್ಕಳನ್ನು ತೂಗುವುದು, ಬಂದ ಅಂಕಿಯನ್ನು ಕಾರ್ಡಿನಲ್ಲಿ ಬರೆಯುವುದು. ಮೂವತ್ತನಾಲ್ಕು ವರ್ಷ ಇದನ್ನೇ ಮಾಡಿದೆ. ಈಗ ಆ ಜಾಗಕ್ಕೆ ಹೊಸಬರು ಬಂದಿದ್ದಾರೆ. ಅವರಲ್ಲೊಬ್ಬಳು, ನರ್ಸಿಂಗ್ ಓದಿಕೊಂಡು ಬಂದ ಹುಡುಗಿ, ಮೊನ್ನೆ ಮಾರ್ಕೆಟ್ಟಿನಲ್ಲಿ ಸಿಕ್ಕಿದಳು. "ಮಾದಪ್ಪಣ್ಣ, ತೂಕ ನೋಡೋದ್ರಲ್ಲಿ ಕಲಿಯೋಕೆ ಏನಿದೆ? ನಿಲ್ಸೋದು, ನೋಡೋದು, ಬರೆಯೋದು. ಅಷ್ಟೇ ತಾನೇ?" ಎಂದು ಕೇಳಿದಳು. ಸೊಪ್ಪಿನ ಅಂಗಡಿ ಮುಂದೆ ನಿಂತು ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೇ ತರಗತಿ, ಅದೂ ಪೂರ್ತಿಯಲ್ಲ. ಅಪ್ಪ ಹಾಸಿಗೆ ಹಿಡಿದಾಗ ಸ್ಲೇಟು ಬಿಟ್ಟು ಸಂತೆಪೇಟೆಯ ಅಕ್ಕಿ ಮಂಡಿ ಸೇರಿದೆ. ಅಲ್ಲಿ ತಕ್ಕಡಿ ನನ್ನ ಕೈಗೆ ಬಂತು. ಮೂಟೆ ತೂಗಬೇಕು, ಗೋಣಿಚೀಲದ ಭಾರ ಕಳೆಯಬೇಕು, ಉಳಿದದ್ದನ್ನು ಗಟ್ಟಿಯಾಗಿ ಕೂಗಬೇಕು. ಚೀಲ ಹೊಸದೋ ಹಳೆಯದೋ, ಒಣಗಿದೆಯೋ ತೇವವಾಗಿದೆಯೋ ಕಣ್ಣಲ್ಲೇ ನೋಡಿ ಎಷ್ಟು ಕಳೆಯಬೇಕು ಎಂದು ಹೇಳಿಬಿಡುತ್ತಿದ್ದೆ. ಮಂಡಿಯ ಯಜಮಾನರು ಒಂದು ಧರ್ಮಾಸ್ಪತ್ರೆಯ ಕಮಿಟಿಯಲ್ಲಿದ್ದರು. "ಇವನ ಕೈ ಸುಳ್ಳು ಹೇಳೋದಿಲ್ಲ" ಎಂದು ಅವರೇ ನನ್ನನ್ನು ಅಲ್ಲಿಗೆ ಸೇರಿಸಿದರು. ಆ ಮಾತನ್ನು ಎದೆಯ ಮೇಲೆ ಬಿಲ್ಲೆಯ ಹಾಗೆ ಧರಿಸಿಕೊಂಡು ಹೋದೆ.

ಹೋದ ಮೊದಲ ವಾರವೇ ಎಡವಟ್ಟಾಯಿತು. ಚುಚ್ಚುಮದ್ದಿನ ದಿನ, ಹಜಾರದ ತುಂಬ ತಾಯಂದಿರು, ಅಜ್ಜಿಯರು. ನಾನು ಮಗುವನ್ನು ತಟ್ಟೆಯ ಮೇಲೆ ಮಲಗಿಸಿ, ಆ ತುದಿಯಲ್ಲಿ ಬರೆದುಕೊಳ್ಳುತ್ತಿದ್ದ ಸಿಸ್ಟರಿಗೆ ಕೇಳಲಿ ಎಂದು ಮಂಡಿಯಲ್ಲಿ ಕೂಗಿದ ಹಾಗೆ, "ಐದೂ ಕಾಲು!" ಎಂದೆ. ಮಗುವಿನ ಅಜ್ಜಿ ಎದ್ದು ಬಂದರು.

"ಏನಯ್ಯಾ, ನನ್ನ ಮೊಮ್ಮಗೀನ ಕುಂಬಳಕಾಯಿ ಅಂದ್ಕಂಡಿದ್ದೀಯ? ಅರಾಜು ಕೂಗ್ತಾ ಇದ್ದೀಯಲ್ಲ! ನಾಳೆ ಮಗ ಹಾಲು ಕುಡೀದೆ ರಚ್ಚೆ ಹಿಡುದ್ರೆ ನೀನು ಬಂದು ದೃಷ್ಟಿ ತೆಗೀತೀಯಾ?"

ಇಡೀ ಹಜಾರ ನಕ್ಕಿತು. ನನಗೆ ಕಿವಿ ಬಿಸಿಯಾಯಿತು. ಮೂಢನಂಬಿಕೆ ಎಂದು ಗೊಣಗಿಕೊಂಡೆ. ಅದೇ ಹೊತ್ತಿಗೆ ಮುಂದಿನ ತಾಯಿ ತನ್ನ ಮಗುವನ್ನು ಮಲಗಿಸಿದಳು. ನಾಲ್ಕು ತಿಂಗಳ ಕೂಸು, ನಾಲ್ಕು ಕೇಜಿ ಇರಲಿಲ್ಲ. ಆ ಹೆಂಗಸು ತಕ್ಕಡಿಯ ಮುಳ್ಳಿನ ಕಡೆ ನೋಡಲಿಲ್ಲ, ನನ್ನ ಬಾಯಿಯ ಕಡೆ ನೋಡಿದಳು. ನಾನು ಕೂಗಲಿಲ್ಲ. ಕಾರ್ಡಿನಲ್ಲಿ ಬರೆದು ಅವಳ ಮುಂದೆ ಹಿಡಿದೆ. ಅವಳು ಅದನ್ನು ಸೆರಗಿನ ಒಳಗೆ ಇಟ್ಟುಕೊಂಡು ಸಿಸ್ಟರ ಹತ್ತಿರ ಹೋದಳು. ಆ ಅಜ್ಜಿ ಬೈದದ್ದು ತನ್ನ ಮೊಮ್ಮಗುವಿಗಾಗಿ. ಅನುಕೂಲವಾದದ್ದು ಎಲ್ಲ ಸೊರಗಿದ ಮಕ್ಕಳ ತಾಯಂದಿರಿಗೆ. ಅಂದಿನಿಂದ ನಾನು ಯಾವ ಮಗುವಿನ ತೂಕವನ್ನೂ ಕೂಗಲಿಲ್ಲ. ಹೊಸಬರೇ, ನೀವೂ ಕೂಗಬೇಡಿ.

ಬಸುರಿಯರನ್ನು ತೂಗುವುದು ಬೇರೆಯೇ ವಿದ್ಯೆ. ತೂಕ ಏರದಿದ್ದರೆ ನಮ್ಮ ಡಾಕ್ಟರಮ್ಮ ಬೈಯುತ್ತಿದ್ದರು. ಬೈಗುಳಕ್ಕೆ ಹೆದರಿ ಕೆಲವರು ಒಂದು ಚೊಂಬು ನೀರು ಕುಡಿದು ಬರುತ್ತಿದ್ದರು. ಒಬ್ಬಳಂತೂ ಮಡಿಲಲ್ಲಿ ತೆಂಗಿನಕಾಯಿ ಕಟ್ಟಿಕೊಂಡು ಬಂದಿದ್ದಳು. ನಾನು ಅವಳು ನಿಂತ ರೀತಿಯಿಂದಲೇ ಹಿಡಿದೆ.

"ಏನಮ್ಮ, ಕಾಯಿ ಸಿಪ್ಪೆ ಸುಲಿದಿದ್ದೀಯೋ ಇಲ್ವೋ?"

"ಅಯ್ಯೋ, ಎಂಗ್ ಗೊತ್ತಾಯ್ತಣ್ಣ!" ಎಂದು ಬಾಯಿ ಮುಚ್ಚಿಕೊಂಡು ನಕ್ಕಳು. ಡಾಕ್ಟರಮ್ಮ ಕೂಡ ಆ ದಿನ ಬೈಯುವುದು ಬಿಟ್ಟು ನಕ್ಕರು. "ಮಾದಪ್ಪನ ಕಣ್ಣೇ ಒಂದು ತಕ್ಕಡಿ" ಎಂದರು. ಈ ಮಾತು ನನಗೆ ಒಳ್ಳೆಯದು ಮಾಡಲಿಲ್ಲ. ಆಮೇಲೆ ನಾನು ಮುಳ್ಳು ತೋರಿಸಿದ್ದನ್ನು ಬರೆಯುವುದು ಬಿಟ್ಟು, ನನ್ನ ಕಣ್ಣಿಗೆ ತೋರಿದ್ದನ್ನು ಬರೆಯಲು ಶುರು ಮಾಡಿದೆ. ರೇಷ್ಮೆ ಸೀರೆಯೇ, ಒಂದು ಕೇಜಿ ಕಳೆ. ಸ್ವೆಟರೇ, ಅರ್ಧ ಕಳೆ. ಸೀಮಂತ ಮುಗಿಸಿ ಎರಡೂ ಕೈ ತುಂಬ ಗಾಜಿನ ಬಳೆ ತೊಟ್ಟು ಬಂದಿದ್ದಾಳೆಯೇ, ಒಂದೂವರೆ ಕಳೆ. ಗೋಣಿಚೀಲ ಕಳೆದ ಹಾಗೆ. ಯಾರೂ ಹಾಗೆ ಮಾಡು ಎಂದಿರಲಿಲ್ಲ, ಮಾಡಬೇಡ ಎಂದೂ ಅಂದಿರಲಿಲ್ಲ. ಕಾರ್ಡಿನಲ್ಲಿ ಕಳೆದ ಮೇಲಿನ ಅಂಕಿ ಮಾತ್ರ ಇರುತ್ತಿತ್ತು.

ಮಂಜುಳಾ ಬಂದದ್ದು ಒಂದು ಗುರುವಾರ. ಗಂಡ ಬೋಗಾದಿಯ ಹೊಸ ಬಡಾವಣೆಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಚೊಚ್ಚಲು, ಎಂಟನೇ ತಿಂಗಳು. ಹಿಂದಿನ ದಿನವಷ್ಟೇ ಕುಂಬಾರಕೊಪ್ಪಲಿನ ತವರಿನಲ್ಲಿ ಸೀಮಂತ ಆಗಿತ್ತು. ಹಸಿರು ರೇಷ್ಮೆ ಸೀರೆ, ಎರಡೂ ಕೈ ತುಂಬ ಹಸಿರು ಬಳೆ. ಜೊತೆಗೆ ತಾಯಿ ಜಯಮ್ಮ. ಹದಿನೈದು ದಿನದ ಹಿಂದೆ ಐವತ್ತನಾಲ್ಕು ಕೇಜಿ ಇದ್ದವಳು ಅಂದು ಐವತ್ತೇಳೂವರೆ. ನಾನು ಸೀರೆಗೆ ಒಂದು, ಬಳೆಗೆ ಒಂದೂವರೆ ಕಳೆದು ಐವತ್ತೈದು ಎಂದು ಬರೆದೆ.

ಒಳಗೆ ಡಾಕ್ಟರಮ್ಮ ಬಿ.ಪಿ. ನೋಡಿ, ಬಾಗಿಲ ಕಡೆ ತಿರುಗಿ ನನ್ನನ್ನೇ ಕೇಳಿದರು. "ಬಿ.ಪಿ. ಸ್ವಲ್ಪ ಮೇಲಿದೆ ಅನ್ಸುತ್ತೆ. ತೂಕ ಎಷ್ಟು ಏರಿದೆ ಮಾದಪ್ಪ?"

"ಒಂದೇ ಕೇಜಿ ಮೇಡಂ."

"ಹಾಗಾದ್ರೆ ಸರಿ. ನಿನ್ನೆ ಓಡಾಟ ಜಾಸ್ತಿ ಆಗಿರಬೇಕು. ಉಪ್ಪಿನಕಾಯಿ, ಹಪ್ಪಳ ಬಿಡಮ್ಮ. ಇನ್ನೊಂದು ವಾರಕ್ಕೆ ಬಾ."

ಮರುದಿನ ಶುಕ್ರವಾರ, ಬೆಳಿಗ್ಗೆ ಹೊರರೋಗಿಗಳು ಕಡಿಮೆ. ನಮ್ಮ ಆಯಾ ನಿಂಗಮ್ಮ ಒಂದು ಟವೆಲಿನ ಗಂಟು ಹಿಡಿದು ನನ್ನ ಬೆಂಚಿಗೆ ಬಂದಳು. ಹೆರಿಗೆಯಾದ ಮೇಲೆ ಸೀಮಂತದ ಬಳೆ ಬಿಚ್ಚಿ ಆಯಾಗೆ ಕೊಡುವುದು ನಮ್ಮಲ್ಲಿ ಬಂದಿದ್ದ ವಾಡಿಕೆ. ರಾತ್ರಿ ಹೆತ್ತವಳೊಬ್ಬಳು ಕೊಟ್ಟ ಬಳೆಯನ್ನು ತನ್ನ ಹೆಣ್ಣುಮಕ್ಕಳಿಗೆ ಹಂಚಲು ಎಣಿಸುತ್ತಾ ಕೂತಳು. ನಾನು ಸುಮ್ಮನಿರಲಾರದೆ, "ಒಂದೂವರೆ ಕೇಜಿ ಆಗ್ತದೆ ನೋಡು" ಎಂದೆ.

"ಏನು, ಈ ಬಳೆಯಾ?"

"ಹ್ಞೂಂ. ನಾನು ತೂಕದಲ್ಲಿ ಅಷ್ಟು ಕಳೆದೇ ಬರೆಯೋದು."

ನಿಂಗಮ್ಮ ತಲೆ ಎತ್ತಿದಳು. "ಅಲ್ಲ ಕಣಣ್ಣ, ಗಾಜಿನ ಬಳೆನಾ, ಕಬ್ಬುಣದ ಬೇಡಿನಾ? ನಿಮ್ಮನೆ ಅಕ್ಕ ಬಳೆ ತೊಡಾಕಿಲ್ವಾ? ಒಂದೂವರೆ ಕೇಜಿ ಹೊತ್ಕಂಡು ರೊಟ್ಟಿ ತಟ್ಟಕ್ಕಾಯ್ತದಾ?"

"ನಿನಗೇನು ಗೊತ್ತು? ಮಂಡೀಲಿ ಎಷ್ಟು ವರ್ಷ ತೂಗಿದ್ದೀನಿ ನಾನು."

"ಮಂಡಿ ಅತ್ಲಾಗಿರ್ಲಿ. ತಕ್ಕಡಿ ನಿನ್ ಮುಂದೇ ಅದೆ. ಮಡಗು, ನೋಡ್ಬುಡಾನ."

ಮಕ್ಕಳ ತಕ್ಕಡಿಯ ಮೇಲೆ ಟವೆಲ್ ಹಾಸಿ ಎರಡು ಕೈಯ ಬಳೆಯನ್ನೂ ಸುರಿದೆ. ಇನ್ನೂರ ಎಂಬತ್ತು ಗ್ರಾಂ. ಟವೆಲೂ ಸೇರಿ.

ನಿಂಗಮ್ಮ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಮನಸ್ಸು ಲೆಕ್ಕ ಹಾಕತೊಡಗಿತ್ತು. ಸೀರೆಗೆ ಹೆಚ್ಚೆಂದರೆ ಅರ್ಧ ಕೇಜಿ ಇರಲಿ, ಬಳೆಗೆ ಕಾಲು. ಹಾಗಾದರೆ ಮಂಜುಳಾ ಹದಿನೈದು ದಿನಕ್ಕೆ ಹತ್ತಿರ ಹತ್ತಿರ ಮೂರು ಕೇಜಿ ಏರಿದ್ದಾಳೆ. ಡಾಕ್ಟರಮ್ಮ ನನಗೆ ಹತ್ತಾರು ಸಲ ಹೇಳಿದ್ದರು: ಕೊನೆಯ ತಿಂಗಳುಗಳಲ್ಲಿ ಹಾಗೆ ದಿಢೀರನೆ ಏರಿದರೆ ಅದು ಮಗುವಿನ ತೂಕ ಅಲ್ಲ, ಮೈಯಲ್ಲಿ ನಿಂತ ನೀರು, ಬಿ.ಪಿ. ಜೊತೆ ಸೇರಿದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರೂ ಹೋಗಿಬಿಡಬಹುದು. ಆಗ ಹಿಂದಿನ ದಿನ ಕಂಡರೂ ನೋಡದೆ ಬಿಟ್ಟದ್ದು ಕಣ್ಣ ಮುಂದೆ ಬಂತು. ತಕ್ಕಡಿ ಹತ್ತುವಾಗ ಎಲ್ಲ ಹೆಂಗಸರೂ ಪಕ್ಕದ ಕಂಬಿ ಹಿಡಿಯುತ್ತಾರೆ. ಕೈ ಎತ್ತಿದಾಗ ಬಳೆಗಳು ಗಲ್ಲೆಂದು ಮೊಣಕೈಗೆ ಜಾರುತ್ತವೆ. ಮಂಜುಳಾ ಕೈ ಎತ್ತಿದಾಗ ಒಂದು ಬಳೆಯೂ ಅಲುಗಿರಲಿಲ್ಲ. ಊದಿದ ಕೈಯಲ್ಲಿ ಕಚ್ಚಿಕೊಂಡಿದ್ದವು.

ನಮ್ಮ ರಿಜಿಸ್ಟರಿನಲ್ಲಿ ಅವಳ ಗಂಡನ ಫೋನ್ ನಂಬರಿತ್ತು. ಮೂರು ಸಲ ಮಾಡಿದೆ, ಎತ್ತಲಿಲ್ಲ. ವಾರ್ಡಿನಲ್ಲಿ ರೌಂಡ್ಸ್‌ನಲ್ಲಿದ್ದ ಡಾಕ್ಟರಮ್ಮನ ಹತ್ತಿರ ಹೋದೆ. ಸುಳ್ಳು ಹೇಳಬಾರದು, ಹೋಗುವ ದಾರಿಯಲ್ಲಿ ಎರಡು ನೆಪ ಹೊಂದಿಸಿಕೊಂಡಿದ್ದೆ: ತಕ್ಕಡಿ ಸರಿಯಿಲ್ಲ ಎನ್ನುವುದು ಒಂದು, ಅವಳೇ ಹೇಳಿದ ತೂಕ ಬರೆದೆ ಎನ್ನುವುದು ಇನ್ನೊಂದು. ಅವರ ಮುಖ ನೋಡಿದಾಗ ಎರಡೂ ಬಾಯಿಗೆ ಬರಲಿಲ್ಲ.

"ಮೇಡಂ, ನಿನ್ನೆ ಸೀಮಂತ ಮುಗಿಸಿ ಬಂದಿದ್ದ ಹುಡುಗೀದು ನಾನು ತಪ್ಪು ಬರೆದೆ. ಮುಳ್ಳು ತೋರಿಸಿದ್ದು ಐವತ್ತೇಳೂವರೆ."

ಅವರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. "ಬೈಯೋದು ಆಮೇಲೆ ಮಾದಪ್ಪ. ಮೊದಲು ಅವಳನ್ನ ಕರ್ಕೊಂಡು ಬನ್ನಿ. ನಡೆಸಬೇಡಿ, ಆಟೋದಲ್ಲಿ."

ಸೈಕಲ್ ಹತ್ತಿ ಕುಂಬಾರಕೊಪ್ಪಲಿಗೆ ಹೋದೆ. ಚಪ್ಪರದ ತೋರಣ ಇನ್ನೂ ಬಿಚ್ಚಿರಲಿಲ್ಲ, ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಯಮ್ಮ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು. ಮಗಳನ್ನು ಈಗಲೇ ಆಸ್ಪತ್ರೆಗೆ ಕಳಿಸಿ ಎಂದೆ.

"ಇವತ್ತಾ? ಶುಕ್ರವಾರ ಕಣಪ್ಪ. ಮಡಿಲು ತುಂಬಿಸ್ಕಂಡು ಬಂದಿರೋ ಹೆಣ್ಮಗೀನ ತವರಿಂದ ಶುಕ್ರವಾರ ಆಚೆ ಕಳುಸ್ತಾರಾ ಯಾರಾದ್ರೂ? ನಾಳೆ ಬತ್ತೀವಿ ಬುಡು."

"ನಾಳೆಗೆ ಆಗಲ್ಲ ಜಯಮ್ಮನೋರೇ."

"ನಿನ್ನೆ ಎಲ್ಲಾ ಸರಿಯಾಗದೆ ಅಂತ ನಿಮ್ ಡಾಕ್ಟ್ರೇ ಅಂದ್ರಲ್ಲ? ಒಂದಿನಕ್ಕೆ ಏನಾಗೋಯ್ತು?"

"ಅವರು ಅಂದಿದ್ದು ನಾನು ಬರೆದ ತೂಕ ನೋಡಿ. ನಾನು ತಪ್ಪು ಬರೆದಿದ್ದೆ. ತಪ್ಪು ನಂದು."

ಜಯಮ್ಮನ ಕೈ ಮೊರದಲ್ಲೇ ನಿಂತಿತು. ನನ್ನ ಮುಖವನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಆಸ್ಪತ್ರೆಯೋರು ತಪ್ಪು ನಂದು ಅಂತ ಮನೆ ಬಾಗ್ಲಿಗೆ ಬಂದು ಯೋಳಿದ್ದು ನಾನು ಕಂಡೇ ಇಲ್ಲ" ಎಂದು ಮೆಲ್ಲಗೆ ಹೇಳಿ, ಮೊರ ಕೆಳಗಿಟ್ಟು ಎದ್ದರು. "ಅವ್ಳೂ ಬೆಳಗ್ಗಿಂದ ತಲೆನೋವು ಅಂತ ಒದ್ದೆ ಬಟ್ಟೆ ಕಟ್ಕಂಡು ಮಲಗವ್ಳೆ."

ಒಳಗಿನಿಂದ ಮಂಜುಳಾ, "ಅವ್ವ, ಕಣ್ಮುಂದೆ ಮಿಣುಕು ಹುಳ ಆರಾಡ್ದಂಗಾಯ್ತದೆ" ಎಂದಳು.

ಆಮೇಲೆ ಯಾರೂ ಶುಕ್ರವಾರದ ಮಾತೆತ್ತಲಿಲ್ಲ.

ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ಬಿ.ಪಿ. ಬಹಳ ಮೇಲೆ ಹೋಗಿತ್ತು. ಸೂಜಿ ಹಾಕಲು ಬಳೆ ತೆಗೆಯಬೇಕಿತ್ತು. ಸೀಮಂತದ ಬಳೆ ಒಡೆಯಬಾರದು ಎಂದು ಜಯಮ್ಮ ಅತ್ತರು. ಒಡೆಯಲೇಬೇಕು ಎಂದರು ಸಿಸ್ಟರು. ನಿಂಗಮ್ಮ ಇಬ್ಬರನ್ನೂ ಸರಿಸಿ, ಮಂಜುಳಾಳ ಕೈಗೆ ತೆಳು ಪ್ಲಾಸ್ಟಿಕ್ ಕವರು ತೊಡಿಸಿ, ಮೇಲೆ ಕೊಬ್ಬರಿ ಎಣ್ಣೆ ಸವರಿ, ಒಂದೊಂದಾಗಿ ಜಾರಿಸಿದಳು. "ನೋವಾದ್ರೆ ಕಿರುಚ್ಕೋ ಕೂಸೆ, ಕೈ ಮಾತ್ರ ಎಳ್ಕಬೇಡ" ಎನ್ನುತ್ತಾ ಒಂದನ್ನೂ ಒಡೆಯದೆ ತೆಗೆದಳು. ಬಳೆ ಇದ್ದ ಕಡೆಯಲ್ಲೆಲ್ಲ ಕೆಂಪು ಗೆರೆ ಬಿದ್ದಿತ್ತು. ಫಿಟ್ಸ್ ಬರದ ಹಾಗೆ ಇಂಜೆಕ್ಷನ್ ಕೊಟ್ಟರು. ಮಗುವಿನ ಶ್ವಾಸಕೋಶ ಬಲಿಯಲಿ ಎಂದು ಇನ್ನೊಂದು. ಭಾನುವಾರ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಒಂದು ಕೇಜಿ ನಾನ್ನೂರ ಅರವತ್ತು ಗ್ರಾಂ. ಆ ತೂಕ ಬರೆದದ್ದೂ ನಾನೇ.

ಡಾಕ್ಟರಮ್ಮ ಆಮೇಲೆ ಬೈಯುತ್ತೇನೆ ಎಂದಿದ್ದರಲ್ಲ, ಬೈಯಲೇ ಇಲ್ಲ. ಆ ವಾರ ನನ್ನ ಬೆಂಚಿಗೆ ಬಂದು ಕಾರ್ಡಿನಲ್ಲಿ ತೂಕದ ಪಕ್ಕ ಸ್ಕೇಲಿಟ್ಟು ಒಂದು ಗೆರೆ ಎಳೆದರು. "ಈ ಕಡೆ ತಕ್ಕಡಿ ಏನು ಹೇಳುತ್ತೋ ಅದು. ಆ ಕಡೆ ನಿಮ್ಮ ಕಣ್ಣು ಏನು ಹೇಳುತ್ತೋ ಅದು. ರೇಷ್ಮೆ ಸೀರೆ, ಸ್ವೆಟರು, ಕೈ ಊದಿದೆ, ಏನಾದ್ರೂ. ಎರಡೂ ಬೇಕು ನನಗೆ. ಎರಡನ್ನೂ ಬೆರೆಸಬೇಡಿ." ಅರ್ಧಕ್ಕೆ ಸ್ಲೇಟು ಬಿಟ್ಟವನ ಕಣ್ಣಿಗೂ ಕಾರ್ಡಿನಲ್ಲಿ ಒಂದು ಜಾಗ ಕೊಟ್ಟರು. ಕೆಲಸ ಕಿತ್ತುಕೊಳ್ಳಬಹುದಾಗಿದ್ದ ಹೊತ್ತಿನಲ್ಲಿ ಹಾಗೆ ಮಾಡಿದ ಅವರನ್ನು ನಾನು ದಿನವೂ ನೆನೆಯುತ್ತೇನೆ. ಆ ಪಕ್ಕದ ಜಾಗದಲ್ಲಿ ಬರೆದದ್ದರಿಂದ ಮುಂದೆ ಎಷ್ಟೋ ಹೆಂಗಸರು ಹೊತ್ತಿಗೆ ಸರಿಯಾಗಿ ಒಳಗೆ ಹೋದರು. ಮುಳ್ಳಿನ ತಕ್ಕಡಿ ಹೋಗಿ ಅಂಕಿ ಮಿನುಗುವ ತಕ್ಕಡಿ ಬಂದರೂ ಆ ಗೆರೆ ಉಳಿಯಿತು.

ಹಿಂದೆಲ್ಲ ಅಷ್ಟು ಚಿಕ್ಕ ಮಗುವನ್ನು ತಾಯಿಯಿಂದ ದೂರ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ತಾಯಿ ಗಾಜಿನಾಚೆ ನಿಂತು ಇಣುಕಬೇಕಿತ್ತು. ಮಂಜುಳಾಳ ಮಗು ಬರುವ ಹೊತ್ತಿಗೆ ಪದ್ಧತಿ ಬದಲಾಗಿತ್ತು. ಮಗು ಸ್ವಲ್ಪ ಚೇತರಿಸಿಕೊಂಡರೆ ಸಾಕು, ಬರೀ ಮೈಯಲ್ಲಿ ತಾಯಿಯ ಎದೆಗೆ ಒರಗಿಸಿ ಬಟ್ಟೆಯಲ್ಲಿ ಕಟ್ಟಿಬಿಡುವುದು. ಜಯಮ್ಮನಿಗೆ ಇದು ಹಿಡಿಸಲಿಲ್ಲ. "ಬಾಣಂತಿ ಮೈ ಹಸಿ. ಎದೆ ಮೇಲೆ ಮಗೀನ ಕಟ್ಕಂಡು ಕುಂತ್ರೆ ಇಬ್ರಿಗೂ ಥಂಡಿ. ಸಾಂಬ್ರಾಣಿ ಹೊಗೆ ಇಲ್ಲ, ಎಣ್ಣೆ ನೀರಿಲ್ಲ, ಇದ್ಯಾವ ಬಾಣಂತನ?" ಆದರೆ ಎದೆಗೆ ಕಟ್ಟಿಕೊಂಡ ಎರಡನೇ ದಿನಕ್ಕೇ ಮಗುವಿನ ತಣ್ಣನೆಯ ಪಾದ ಬಿಸಿಯಾಯಿತು. ಜಯಮ್ಮ ಆ ಪಾದ ಮುಟ್ಟಿ ನೋಡಿ, ಮಾತಾಡದೆ, ಮಗಳ ಬೆನ್ನಿಗೆ ದಿಂಬು ಕೊಟ್ಟರು. ಮಗಳು ಸ್ನಾನಕ್ಕೆ ಹೋದಾಗ ತಾವೇ ಕಟ್ಟಿಕೊಂಡು ಕೂರುತ್ತಿದ್ದರು.

ಮಗು ಒಂದು ಕೇಜಿ ಎಂಟುನೂರು ಗ್ರಾಂ ದಾಟಿದರೆ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರಮ್ಮ ಹೇಳಿದ್ದರು. ಹಾಗಾಗಿ ದಿನ ಬೆಳಿಗ್ಗೆ ಹತ್ತಕ್ಕೆ ಮಂಜುಳಾ ಮಗುವನ್ನು ತರುತ್ತಿದ್ದಳು. ನಾನು ತಟ್ಟೆಯ ಮೇಲೆ ಬೆಚ್ಚಗೆ ಬಟ್ಟೆ ಹಾಸಿ, ಸೊನ್ನೆಗೆ ತಂದು, ಮಲಗಿಸುತ್ತಿದ್ದೆ. ನಾನು ಬರೆಯುವ ಮೊದಲೇ ಅವಳು ಬಗ್ಗಿ ತಕ್ಕಡಿ ನೋಡಿಕೊಳ್ಳುತ್ತಿದ್ದಳು. ಬರೆದ ಮೇಲೆ ಕಾರ್ಡನ್ನೂ ನೋಡಿ, ಎರಡೂ ಒಂದೇ ಎಂದು ಖಾತ್ರಿಯಾದ ಮೇಲೇ ಮಗುವನ್ನು ಎತ್ತುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಆದದ್ದೆಲ್ಲ ಅವಳಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಮೊದಲ ವಾರ ಮಗು ಇಳಿಯಿತು, ಆಮೇಲೆ ದಿನಕ್ಕೆ ಹದಿನೈದು, ಇಪ್ಪತ್ತು ಗ್ರಾಂ ಹಾಗೆ ಏರಿತು.

ನಾಲ್ಕನೇ ವಾರ ಒಂದು ದಿನ ಒಂದು ಕೇಜಿ ಏಳುನೂರ ಎಂಬತ್ತೈದು ಬಂತು. ಜಯಮ್ಮ ಜೊತೆಗಿದ್ದರು. ಮಾರನೇ ದಿನ ತೊಟ್ಟಿಲಿಗೆ ಹಾಕಲು ಒಳ್ಳೆಯ ದಿನವಂತೆ. ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು.

"ಹದಿನೈದು ಗ್ರಾಂ ತಾನೇ ಮಾದಪ್ಪಣ್ಣ. ಒಂದು ಚಿಟಿಕೆ ಉಪ್ಪು. ಎಂಟುನೂರು ಅಂತ ಹಾಕ್ಬುಡಿ, ಮಗೀನ ಮನೆಗೆ ಕರ್ಕಂಡೋಯ್ತೀವಿ."

ನಾನು ಪೆನ್ನಿನ ಮುಚ್ಚಳ ತೆಗೆದೆ. ಈ ಮನೆಗೆ ನಾನು ಮಾಡಿದ ಅನ್ಯಾಯ ದೊಡ್ಡದು. ಕೇಳುತ್ತಿರುವುದು ಚಿಕ್ಕದು. ಹದಿನೈದು ಗ್ರಾಂ ಹೆಚ್ಚು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಬರೆದುಬಿಡೋಣ ಎಂದು ಮನಸ್ಸು ಹೇಳಿತು. ನಿಜ ಹೇಳುತ್ತೇನೆ, ಹೇಳಿತು.

ಮಂಜುಳಾ ಮೊದಲ ಸಲ ಬಾಯಿ ಬಿಟ್ಟಳು. "ಬ್ಯಾಡಣ್ಣ. ಇರೋದ್ನೇ ಬರೀರಿ. ಅವತ್ತು ನಂದು ಕಮ್ಮಿ ಬರ್ದ್ರಿ. ಇವತ್ತು ಇವ್ಳ್ದು ಜಾಸ್ತಿ ಬರೀಬ್ಯಾಡಿ." ಹೇಳಿ ನಕ್ಕಳು. ಆ ನಗು ಚುಚ್ಚಲಿಲ್ಲ. ಅಣ್ಣನನ್ನು ತಂಗಿ ಛೇಡಿಸಿದ ಹಾಗಿತ್ತು.

"ಗೊತ್ತಿತ್ತಾ ತಾಯಿ ನಿನಗೆ?"

"ನೀವು ಬಾಗ್ಲಲ್ಲಿ ನಿಂತ್ಕಂಡು ಅವ್ವಂಗೆ ಯೋಳಿದ್ದು ಒಳ್ಗೆ ನಂಗೆ ಕೇಳುಸ್ತಿರಲಿಲ್ವಾ? ನೀವು ಬರ್ದೆ ಇದ್ದಿದ್ರೆ, ಬರ್ದಿದ್ದು ತಪ್ಪು ಅಂತ ಬರ್ದೆ ಇದ್ದಿದ್ರೆ, ನಾವಿಬ್ರೂ ಎಲ್ಲಿರ್ತಿದ್ವಿ?" ಬರೆದದ್ದೂ ಬರದಿದ್ದದ್ದೂ ಬಾಯಲ್ಲಿ ಬೆರೆತು ತಾನೇ ಗಲಿಬಿಲಿಯಾಗಿ ಮತ್ತೆ ನಕ್ಕಳು. "ಓಡ್ಬಂದ್ರಲ್ಲ ಅಣ್ಣ, ಅದ್ನೇ ಅಂದಿದ್ದು."

ಏಳುನೂರ ಎಂಬತ್ತೈದು ಎಂದೇ ಬರೆದೆ. ಅಕ್ಷರ ಸರಿಯಾಗಿ ಕಾಣಲಿಲ್ಲ, ಕಣ್ಣು ಒರೆಸಿಕೊಂಡು ಮತ್ತೊಮ್ಮೆ ತಿದ್ದಿದೆ. ಜಯಮ್ಮ ಗೊಣಗುತ್ತಾ ಶಾಸ್ತ್ರ ಮುಂದೂಡಲು ಮನೆಗೆ ಹೋದರು.

ಗಡಿ ದಾಟಿದ ಮೇಲೂ ಒಂದೆರಡು ದಿನ ನೋಡಿಯೇ ಕಳಿಸುತ್ತೇನೆ ಎಂದರು ಡಾಕ್ಟರಮ್ಮ. ಹಾಗಾಗಿ ಇನ್ನೂ ನಾಲ್ಕು ದಿನ ಇದ್ದರು. ಐದನೇ ಬೆಳಿಗ್ಗೆ ತಕ್ಕಡಿ ಒಂದು ಕೇಜಿ ಎಂಟುನೂರ ನಲವತ್ತು ತೋರಿಸಿತು. ಬರೆದು ಕಾರ್ಡನ್ನು ಮಂಜುಳಾ ಮುಂದೆ ಹಿಡಿದೆ, ನೋಡಿಕೊಳ್ಳಲಿ ಎಂದು. ಅವಳು ತಕ್ಕಡಿಯ ಕಡೆ ಬಗ್ಗಲೂ ಇಲ್ಲ, ಕಾರ್ಡನ್ನು ಓದಲೂ ಇಲ್ಲ. ಹಾಗೇ ಎರಡು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡು, ಎರಡೂ ಕೈ ಚಾಚಿ ಮಗುವನ್ನು ತೆಗೆದುಕೊಂಡಳು.